ಗೃಹಚಿಂತನ: ಗಾಜಿನ ತೊಟ್ಟಿಯೂ ಮೀನಿನ ಲೆಕ್ಕವೂ

ಮನುಷ್ಯನು ತನ್ನ ಮನೆಯ ಆಶ್ರಯದಲ್ಲಿಟ್ಟುಕೊಂಡಿರುವ ಪ್ರಾಣಿಗಳಲ್ಲಿ ಬಹುಭಾಗವು ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳಬಲ್ಲವು. ಹಸುವಿಗೆ ಬಾಯಾರಿದರೆ ಅಂಬಾ ಎನ್ನುವುದು. ನಾಯಿಗೆ ನೋವಾದರೆ ಕುಂಯ್‌ಗುಟ್ಟುವುದು. ಬೆಕ್ಕಿಗೆ ಮನೆ ಹಿಡಿಸದಿದ್ದರೆ ನೆರೆಮನೆಯ ಅಟ್ಟವನ್ನು ಸೇರುವುದು. ಈಚಿನ ದಿನಗಳಲ್ಲಿ ಪಟ್ಟಣದ ಮನೆಗಳ ನಡುಮನೆಯನ್ನು ಅಲಂಕರಿಸುತ್ತಿರುವ ಮೀನಿಗಾದರೋ ಮೊರೆಯಿಡುವ ಕಂಠವೂ ಇಲ್ಲ, ಓಡಿಹೋಗುವ ದಾರಿಯೂ ಇಲ್ಲ. ಅದು ಉಸಿರಾಡುವ ನೀರು, ತಿನ್ನುವ ಆಹಾರ, ವಿಸರ್ಜಿಸಿದ ಮಲ, ಎಲ್ಲವೂ ನಾವು ಕೊಟ್ಟ ನಾಲ್ಕು ಗಾಜಿನ ಗೋಡೆಗಳ ನಡುವೆಯೇ ಇರತಕ್ಕವು. ಆದಕಾರಣ ಅಂತಹ ತೊಟ್ಟಿಯಲ್ಲಿ ಎಷ್ಟು ಜೀವಗಳಿಗೆ ಸ್ಥಳವುಂಟೆಂಬುದನ್ನು ನಿಶ್ಚಯಿಸುವ ಭಾರವು ಸಂಪೂರ್ಣವಾಗಿ ಸಾಕುವವನ ಮೇಲೆಯೇ ಬೀಳುವುದು. ಈ ತಿಂಗಳು ಅದನ್ನು ಕುರಿತು ಕೊಂಚ ವಿಚಾರಮಾಡೋಣ.

ಈ ವಿಚಾರಕ್ಕೆ ಪ್ರೇರಕವಾದುದು ನಮ್ಮ ವಾಚಕರಲ್ಲೊಬ್ಬ ಗೃಹಿಣಿಯವರು ಬರೆದಿರುವ ಕಾಗದ. ಗೃಹಪ್ರವೇಶದ ಸಂದರ್ಭದಲ್ಲಿ ಬಂಧುಗಳು ಅವರಿಗೆ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಉಡುಗೊರೆಯಾಗಿ ಕೊಟ್ಟರಂತೆ. ಅದರಲ್ಲಿ ಎಂಟು ಕೆಂಪು ಮೀನುಗಳೂ ಒಂದು ಕಪ್ಪು ಮೀನೂ ಇದ್ದರೆ ಮನೆಗೆ ಶ್ರೇಯಸ್ಸೆಂದು ಯಾರೋ ಹೇಳಿದ್ದರಿಂದ, ಗೋಲ್ಡ್ ಫಿಷ್ ಎಂದು ಕರೆಯುವ ಚಿನ್ನದ ಮೀನುಗಳನ್ನು, ಎರಡೆರಡು ಅಂಗುಲದವು ಒಂಬತ್ತನ್ನು, ಒಂದೇ ದಿನ ತಂದು ಬಿಟ್ಟರು. ಇಪ್ಪತ್ತು ದಿನಗಳೊಳಗಾಗಿ ಆರು ಸತ್ತುವು. “ಸಂಖ್ಯೆ ಕುಂದಬಾರದು, ಇನ್ನಾರನ್ನು ತರೋಣ” ಎಂಬುದು ಯಜಮಾನರ ಮತ. ಎಂಟು ವರ್ಷದ ಮಗಳಾದರೋ, “ಹೊಸ ಮೀನುಗಳೂ ಸಾಯುವುದಾದರೆ ನಾನು ಅವುಕ್ಕೆ ಹೆಸರಿಡುವುದಿಲ್ಲ” ಎಂದಳಂತೆ. ತಾಯಿಯವರು ಕೇಳಿರುವ ಪ್ರಶ್ನೆ ಒಂದೇ: ಈ ತೊಟ್ಟಿಯಲ್ಲಿ ಎಷ್ಟು ಮೀನುಗಳು ಬದುಕಿರಬಲ್ಲವು?

ಸಾಮಾನ್ಯವಾಗಿ ಜನರು ಮೀನಿನ ಸಂಖ್ಯೆಯನ್ನು ನಿಶ್ಚಯಿಸುವ ಬಗೆಗಳು ಮೂರು. ಶುಭಸಂಖ್ಯೆಯ ಮೇಲೆ ನಿಶ್ಚಯಿಸುವುದು ಒಂದು. ಎಂಟು ಕೆಂಪು, ಒಂದು ಕಪ್ಪು ಎಂಬ ಈ ಒಂಬತ್ತರ ಲೆಕ್ಕವು ಚೀನಾ ದೇಶದ ಫೆಂಗ್ ಶೂಯಿ ಎಂಬ ಸಂಪ್ರದಾಯದಿಂದ ಬಂದು, ಈಗ ನಮ್ಮಲ್ಲಿ ವಾಸ್ತುವೆಂಬ ಹೆಸರಿನಿಂದ ಓಡಾಡುತ್ತಿರುವುದು. ಕಣ್ಣಿನ ತೃಪ್ತಿಯ ಮೇಲೆ ನಿಶ್ಚಯಿಸುವುದು ಎರಡನೆಯದು. ತೊಟ್ಟಿಯು ಬರಿದಾಗಿ ಕಂಡರೆ ಇನ್ನೆರಡು, ಆಗಲೂ ಬರಿದಾಗಿ ಕಂಡರೆ ಮತ್ತೆ ನಾಲ್ಕು. ಅಂಗಡಿಯ ತೊಟ್ಟಿಯನ್ನು ನೋಡಿ ನಿಶ್ಚಯಿಸುವುದು ಮೂರನೆಯದು. ಅಲ್ಲಿ ಇಷ್ಟೇ ನೀರಿನಲ್ಲಿ ನೂರು ಮೀನುಗಳಿರುವುದನ್ನು ಕಂಡವರು, ನಮ್ಮಲ್ಲಿ ಹತ್ತು ಇರಬಾರದೇಕೆ ಎನ್ನುತ್ತಾರೆ. ಆದರೆ ಅಂಗಡಿಯಲ್ಲಿ ಮೀನು ಕೆಲವು ದಿನಗಳ ಅತಿಥಿ ಮಾತ್ರ. ಛತ್ರದ ಕೋಣೆಯಲ್ಲಿ ಒಂದು ರಾತ್ರಿ ನೂರು ಮಂದಿ ಮಲಗಿದ್ದರೆಂದು ಅಲ್ಲಿಯೇ ನೂರು ಮಂದಿ ಸಂಸಾರ ಹೂಡಲಾದೀತೆ? ಈ ಮೂರು ಬಗೆಗಳಲ್ಲಿಯೂ ಜನರು ಎಲ್ಲರನ್ನೂ ಕೇಳಿ ನೀರನ್ನು ಮಾತ್ರ ಕೇಳದೆ ಬಿಡುತ್ತಾರೆ.

ನೀರನ್ನು ಕೇಳುವಾಗಲೂ ಒಂದು ಎಚ್ಚರಿಕೆಯುಂಟು. ಹೊಳೆಗೆ ಸೇತುವೆ ಕಟ್ಟುವವನು ಬೇಸಗೆಯ ನೀರನ್ನು ನೋಡಿ ಕಮಾನಿನ ಎತ್ತರವನ್ನು ಗೊತ್ತುಮಾಡುವುದಿಲ್ಲ. ಮಹಾಪೂರ ಬಂದಾಗ ನೀರು ಎಲ್ಲಿಯವರೆಗೆ ಏರುವುದೆಂದು ವಿಚಾರಿಸುತ್ತಾನೆ. ಹಾಗೆಯೇ ತೊಟ್ಟಿಯ ಧಾರಣಶಕ್ತಿಯನ್ನು ಅದರ ಅತ್ಯಂತ ಕೆಟ್ಟ ಗಳಿಗೆಯಲ್ಲಿ ಅಳೆಯತಕ್ಕದ್ದು. ಆ ಗಳಿಗೆ ಯಾವುದೆಂದರೆ, ಚೈತ್ರ ವೈಶಾಖಗಳ ಸೆಕೆ, ಬೆಳಗಿನ ಜಾವ, ನೀರು ಬದಲಾಯಿಸಬೇಕಾದ ಹಿಂದಿನ ದಿನ, ಸಾಲದೆಂಬಂತೆ ವಿದ್ಯುತ್ತೂ ನಿಂತಿರುವ ಹೊತ್ತು. ಆ ಹೊತ್ತಿನಲ್ಲಿ ಎಷ್ಟು ಮೀನುಗಳು ನೆಮ್ಮದಿಯಾಗಿ ಉಸಿರಾಡಬಲ್ಲವೋ ಅಷ್ಟೇ ತೊಟ್ಟಿಯ ನಿಜವಾದ ಸಂಖ್ಯೆ. ಈ ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲವೂ ಅದರ ಭಾಷ್ಯವೆಂದು ತಿಳಿಯಬಹುದು.

ಮೊದಲನೆಯದು ಉಸಿರು. ಮೀನು ಕಿವಿರುಗಳ ಮೂಲಕ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೆಳೆದುಕೊಳ್ಳುವುದು. ನೀರಿನಲ್ಲಿ ಕರಗುವ ಈ ವಾಯುವಾದರೋ ಬಹು ಸ್ವಲ್ಪ. ಸಮುದ್ರಮಟ್ಟದ ಊರಿನಲ್ಲಿ, ನೀರಿನ ಉಷ್ಣತೆಯು ೨೦ ಡಿಗ್ರಿ ಸೆಂಟಿಗ್ರೇಡ್ ಇದ್ದಾಗ ಒಂದು ಲೀಟರಿನಲ್ಲಿ ಹೆಚ್ಚೆಂದರೆ ೯ ಮಿಲಿಗ್ರಾಂ, ೩೦ ಡಿಗ್ರಿಗೆ ಏರಿದಾಗ ಸುಮಾರು ೭.೬ ಮಿಲಿಗ್ರಾಂ ಮಾತ್ರ ನಿಲ್ಲುವುದು. ಬೆಂಗಳೂರಿನಂತೆ ಮೂರು ಸಾವಿರ ಅಡಿ ಎತ್ತರದಲ್ಲಿರುವ ಊರುಗಳಲ್ಲಿ ಇದರಲ್ಲಿಯೂ ಹತ್ತರಲ್ಲೊಂದು ಪಾಲು ಕಡಿಮೆಯೆಂದಿಟ್ಟುಕೊಳ್ಳಬಹುದು. ಒಂದು ಲೀಟರು ಗಾಳಿಯಲ್ಲಿ ಇದರ ಮೂವತ್ತು ಪಟ್ಟಿಗೂ ಮೀರಿ ಆಮ್ಲಜನಕವಿರುವುದೆಂಬುದನ್ನು ನೆನೆದರೆ ಮೀನಿನ ಬಡತನವು ನಮಗೆ ತಿಳಿದೀತು. ಮತ್ತೊಂದು ತೊಡಕನ್ನು ನೋಡಿರಿ: ಸೆಕೆ ಏರಿದಂತೆಲ್ಲ ನೀರಿನ ಭಂಡಾರವು ಕುಗ್ಗುವುದು, ಮೀನಿನ ದೇಹದ ವ್ಯಾಪಾರವು ತೀವ್ರವಾಗಿ ಅದರ ಬೇಡಿಕೆ ಹೆಚ್ಚುವುದು. ವರಮಾನ ಇಳಿದ ತಿಂಗಳಲ್ಲೇ ಖರ್ಚು ಏರಿದ ಸಂಸಾರದಂತೆ ಆಗುವುದು ಆಗಿನ ಸ್ಥಿತಿ. ರಾಯಚೂರು, ಕಲಬುರಗಿ ಮುಂತಾದ ಬಿಸಿಲುನಾಡಿನ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಈ ಆಮ್ಲಜನಕವು ನೀರನ್ನು ಸೇರುವ ಬಾಗಿಲು ಯಾವುದು? ನೀರಿನ ಮೇಲ್ಮೈ. ಗಾಳಿಯ ಪಂಪಿನಿಂದ ಏಳುವ ಗುಳ್ಳೆಗಳು ಕೂಡ ಮುಖ್ಯವಾಗಿ ಮೇಲ್ಮೈಯನ್ನು ಕಲಕಿ, ತಳದ ನೀರನ್ನು ಮೇಲಕ್ಕೆ ತರುವುದರಿಂದಲೇ ಉಪಕಾರಮಾಡುವುವು. ನಿಶ್ಚಲವಾದ ನೀರಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದು. ಆದುದರಿಂದ ಎರಡು ತೊಟ್ಟಿಗಳು ಅಷ್ಟೇ ನೀರನ್ನು ಹಿಡಿದರೂ, ಅಗಲವಾಗಿ ಹರಡಿಕೊಂಡಿರುವುದು ಹೆಚ್ಚು ಮೀನುಗಳನ್ನು ಸಾಕಬಲ್ಲುದು, ಕಂಬದಂತೆ ಎದ್ದು ನಿಂತಿರುವುದು ಕಡಿಮೆ ಮೀನುಗಳನ್ನು ಸಾಕುವುದು. ೨೪ ಅಂಗುಲ ಉದ್ದ, ೧೨ ಅಂಗುಲ ಅಗಲದ ತೊಟ್ಟಿಯ ಮೇಲ್ಮೈ ೨೮೮ ಚದರ ಅಂಗುಲ. ಅದನ್ನೇ ನೆಟ್ಟಗೆ ನಿಲ್ಲಿಸಿದಂತೆ ೧೨ ಅಂಗುಲ ಉದ್ದಗಲದ ತೊಟ್ಟಿಯನ್ನು ಮಾಡಿದರೆ ೧೪೪ ಚದರ ಅಂಗುಲ. ನೀರು ಅಷ್ಟೇ, ಬಾಗಿಲು ಅರ್ಧ.

ಮಕ್ಕಳಿಗೆ ಪ್ರಿಯವಾದ ಗುಂಡನೆಯ ಗಾಜಿನ ಬುರುಡೆಯ ಲೆಕ್ಕವನ್ನಂತೂ ಪ್ರತಿಯೊಂದು ಮನೆಯಲ್ಲಿಯೂ ಒಮ್ಮೆ ಮಾಡಿನೋಡಬೇಕು. ಹತ್ತು ಅಂಗುಲ ವ್ಯಾಸದ ಬುರುಡೆಗೆ ಅರ್ಧದವರೆಗೆ ನೀರು ಹಾಕಿದರೆ ಮೇಲ್ಮೈ ಸುಮಾರು ೭೮ ಚದರ ಅಂಗುಲ. ಅಂದವಾಗಿ ಕಾಣಲೆಂದು ಐದು ಅಂಗುಲದ ಕೊರಳಿನವರೆಗೂ ತುಂಬಿದೆವೆನ್ನಿ. ಮೇಲ್ಮೈ ೨೦ ಚದರ ಅಂಗುಲಕ್ಕಿಳಿಯಿತು. ನೀರನ್ನು ಹೆಚ್ಚಿಸಿದೆವೆಂಬ ಸಂತೋಷದಲ್ಲಿ ಉಸಿರಿನ ಬಾಗಿಲಿನ ಮುಕ್ಕಾಲು ಭಾಗವನ್ನು ಮುಚ್ಚಿದಂತಾಯಿತು. ಚಿನ್ನದ ಮೀನಿನ ಒಂದೊಂದು ಅಂಗುಲಕ್ಕೆ ಮೂವತ್ತು ಚದರ ಅಂಗುಲ ಮೇಲ್ಮೈ ಬೇಕೆಂಬುದು ಅನುಭವಿಗಳ ಹಳೆಯ ನಿಯಮ. ಅದರಂತೆ ತುಂಬಿದ ಬುರುಡೆಯು ಒಂದೇ ಒಂದು ಅಂಗುಲದ ಮೀನಿಗೂ ಸಾಲದು. ಬುರುಡೆಯನ್ನು ಹೂವಿಡುವುದಕ್ಕೆ ಉಪಯೋಗಿಸುವುದು ಯುಕ್ತ.

ಎರಡನೆಯದು ಮಲ. ಇದು ಕಣ್ಣಿಗೆ ಕಾಣದ ಶತ್ರುವಾದುದರಿಂದ ಉಸಿರುಕಟ್ಟುವುದಕ್ಕಿಂತಲೂ ಹೆಚ್ಚು ಮೀನುಗಳು ಹೊಸ ತೊಟ್ಟಿಗಳಲ್ಲಿ ಇದರಿಂದಲೇ ಸಾಯುವುವು. ಮೀನು ತಿಂದ ಆಹಾರದ ಸಾರಜನಕದ ಬಹುಪಾಲು ಅಮೋನಿಯಾ ಎಂಬ ವಿಷವಾಗಿ ಕಿವಿರುಗಳಿಂದ ಹೊರಬೀಳುವುದು. ಒಂದು ಗ್ರಾಂ ಆಹಾರದಿಂದ ಸ್ಥೂಲವಾಗಿ ೩೦ ಮಿಲಿಗ್ರಾಂ ಅಮೋನಿಯಾ ಹುಟ್ಟುವುದೆಂದು ಮೀನುಕೃಷಿಯವರ ಲೆಕ್ಕ. ೪೫ ಲೀಟರು ನೀರಿನಲ್ಲಿ ದಿನಕ್ಕೊಂದು ಗ್ರಾಂ ಆಹಾರ ಹಾಕಿ, ಆ ಅಮೋನಿಯಾವನ್ನು ತೆಗೆಯುವವರು ಯಾರೂ ಇಲ್ಲದಿದ್ದರೆ, ಮೂರೇ ದಿನಗಳಲ್ಲಿ ಲೀಟರಿಗೆ ೨ ಮಿಲಿಗ್ರಾಂ ಸೇರುವುದು. ಸುಸ್ಥಿತಿಯ ತೊಟ್ಟಿಯಲ್ಲಿ ಅದು ಸೊನ್ನೆಯಿರಬೇಕು. ನೀರಿನ ಕ್ಷಾರಗುಣ ಏರಿದಂತೆ ಈ ವಿಷದ ತೀಕ್ಷ್ಣತೆಯೂ ಏರುವುದು; ಪಿ.ಎಚ್. ಎಂಬ ಅಳತೆಯಲ್ಲಿ ನೀರು ೭ರಿಂದ ೮ಕ್ಕೆ ಬಂದರೆ ಅಮೋನಿಯಾದಲ್ಲಿ ಹಾನಿಕರವಾದ ಭಾಗವು ಸುಮಾರು ಹತ್ತು ಪಟ್ಟಾಗುವುದು. ಬಯಲುಸೀಮೆಯ ಕೊಳವೆಬಾವಿಯ ಗಡುಸುನೀರನ್ನು ಉಪಯೋಗಿಸುವವರು ಇದನ್ನು ಮರೆಯಬಾರದು.

ಹಾಗಾದರೆ ಈ ವಿಷವನ್ನು ತೆಗೆಯುವವರು ಯಾರು? ಇದರ ಉತ್ತರವು ಸ್ವಲ್ಪ ಚರಿತ್ರೆಯನ್ನು ಬೇಡುವುದು. ೧೮೫೦ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞರು ತಾವು ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಸುಮಾರು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಸಣ್ಣ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟು, ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಅವುಗಳನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿ, ಆ ಪುಟ್ಟ ಪ್ರಪಂಚವನ್ನು ಸಮತೋಲದಲ್ಲಿ ನಿಲ್ಲಿಸಿದರು. ಇಂದಿನ ಮನೆಯ ಅಕ್ವೇರಿಯಮ್ಮಿಗೆ ಇದು ಮೂಲಪುರುಷ. ನಮ್ಮ ಗೃಹಿಣಿಯವರ ಎರಡಡಿಯ ತೊಟ್ಟಿಯು ಹಿಡಿಯುವುದೂ ಹೆಚ್ಚುಕಡಿಮೆ ಹನ್ನೆರಡು ಗ್ಯಾಲನ್ನೇ. ವಾರಿಂಗ್ಟನ್ನರು ಅದಕ್ಕೆ ಎರಡು ಮೀನು ಸಾಕೆಂದರು. ನಾವು ಒಂಬತ್ತನ್ನು ಬಿಟ್ಟೆವು.

ಗಿಡಗಳಿಂದಲೇ ಎಲ್ಲವೂ ಶುದ್ಧವಾಗುವುದೆಂದು ಆ ಕಾಲದವರು ನಂಬಿದ್ದರು. ೧೮೯೦ರ ಸುಮಾರಿಗೆ ರಷ್ಯಾ ದೇಶದ ಸೆರ್ಗೇಯಿ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿಗಳು ಅಮೋನಿಯಾವನ್ನೇ ಆಹಾರಮಾಡಿಕೊಂಡು ಬಾಳುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ವರ್ಗದ ಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ವರ್ಗದವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. ನೈಟ್ರೈಟೂ ವಿಷವೇ, ನೈಟ್ರೇಟಾದರೋ ಬಹಳ ಕೂಡಿದಲ್ಲದೆ ಕೇಡು ಮಾಡದು. ಈ ಉಪಕಾರಿಗಳು ಫಿಲ್ಟರಿನ ಸ್ಪಂಜಿನಲ್ಲಿಯೂ ತಳದ ಮರಳಿನಲ್ಲಿಯೂ ನೆಲಸುವುವು. ಆದರೆ ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಒಂಬತ್ತು ಮೀನುಗಳನ್ನು ಮೊದಲ ದಿನವೇ ಬಿಟ್ಟ ಮನೆಯಲ್ಲಿ ಇಪ್ಪತ್ತು ದಿನಗಳೊಳಗೆ ಆರು ಏಕೆ ಸತ್ತುವೆಂಬುದಕ್ಕೆ ಇದೇ ಬಹುಮಟ್ಟಿನ ಉತ್ತರ. ಅಲ್ಲಿ ಊಟಕ್ಕೆ ಕುಳಿತವರು ಒಂಬತ್ತು ಮಂದಿ. ಎಂಜಲೆತ್ತಬೇಕಾದವರು ಇನ್ನೂ ಹುಟ್ಟಿಯೇ ಇರಲಿಲ್ಲ.

ಮೂರನೆಯದು ಬೆಳವಣಿಗೆ. ಶತಪಥಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆಯನ್ನು ವಾಚಕರು ಬಲ್ಲರು. ಕೈತೊಳೆಯಲು ತಂದ ನೀರಿನಲ್ಲಿ ಮನುವಿನ ಕೈಗೆ ಒಂದು ಮರಿಮೀನು ಸಿಕ್ಕಿತು. ತನ್ನನ್ನು ಕಾಪಾಡೆಂದು ಬೇಡಿ, ಮೊದಲು ಗಡಿಗೆಯಲ್ಲಿಡು, ಅದು ಸಾಲದಾದಾಗ ಗುಂಡಿಯನ್ನು ತೋಡಿ ಅದರಲ್ಲಿಡು, ಅದೂ ಸಾಲದಾದಾಗ ಸಮುದ್ರಕ್ಕೆ ಬಿಡು ಎಂದು ಅದೇ ತಿಳಿಸಿತು. ಪ್ರಳಯದ ಸಂಗತಿಯನ್ನು ಹೇಳುವ ಈ ಕಥೆಯಲ್ಲಿ ಮೀನು ಸಾಕುವವರಿಗೆ ಬೇಕಾದ ಒಂದು ಉಪದೇಶವು ಅಡಗಿದೆ. ಮೀನಿಗೆ ಇಂದು ಸಾಕಾದ ಪಾತ್ರೆಯು ನಾಳೆಗೆ ಸಾಲದು. ಮನುವಿನ ಮೀನು ಮಾತನಾಡಿತು, ನಮ್ಮದು ಮಾತನಾಡದು. ಆದುದರಿಂದ ಅಂಗಡಿಯಲ್ಲಿ ಕಂಡ ಅಳತೆಯನ್ನು ಬಿಟ್ಟು, ಆ ಜಾತಿಯು ಪೂರ್ಣವಾಗಿ ಬೆಳೆದಾಗ ಎಷ್ಟಾಗುವುದೆಂಬ ಅಳತೆಯಿಂದಲೇ ಲೆಕ್ಕ ಹಾಕತಕ್ಕದ್ದು. ಉಬ್ಬಿದ ಹೊಟ್ಟೆಯ, ಜೋಡಿಬಾಲದ ಅಲಂಕಾರದ ಚಿನ್ನದ ಮೀನು ಆರರಿಂದ ಎಂಟು ಅಂಗುಲ ಬೆಳೆಯುವುದು. ನೀಳದೇಹದ ಸಾಮಾನ್ಯ ಜಾತಿಯು ಒಂದಡಿಯನ್ನೂ ಮುಟ್ಟಬಲ್ಲುದು. ಚೆನ್ನಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬಾಳುವುದು. ಗಾಜು ನೆಕ್ಕಿ ಶುಚಿಮಾಡುವುದೆಂದು ಎರಡಂಗುಲದ ಮರಿಯಾಗಿ ಮಾರುವ ‘ಟ್ಯಾಂಕ್ ಕ್ಲೀನರ್’ ಮೀನು ಒಂದಡಿಗೂ ಮೀರಿ ಬೆಳೆಯುವುದು.

ಇಲ್ಲಿ ಗಣಿತದ ಸೂಕ್ಷ್ಮವೊಂದನ್ನು ಹೇಳಬೇಕಾಗಿದೆ. ಮೀನಿನ ಉದ್ದ ಎರಡರಷ್ಟಾದರೆ ಅದರ ತೂಕವು ಎರಡರಷ್ಟಾಗುವುದಿಲ್ಲ. ಉದ್ದ, ಅಗಲ, ದಪ್ಪ ಮೂರೂ ಎರಡರಷ್ಟಾಗುವುದರಿಂದ ತೂಕವು ಎಂಟರಷ್ಟಾಗುವುದು. ಎರಡಂಗುಲದ ಮೀನು ಆರಂಗುಲವಾದಾಗ ತೂಕ ಇಪ್ಪತ್ತೇಳು ಪಟ್ಟು. ತಿನ್ನುವುದೂ ವಿಸರ್ಜಿಸುವುದೂ ಅದೇ ಪ್ರಮಾಣದಲ್ಲಿ ಅಲ್ಲದಿದ್ದರೂ ಅದರ ಸಮೀಪಕ್ಕೆ ಏರುವುವು. ಆದಕಾರಣ ಒಂದಂಗುಲದ ಆರು ಮೀನುಗಳೂ ಆರಂಗುಲದ ಒಂದು ಮೀನೂ ಸಮವೆಂದು ಎಣಿಸುವ ನಿಯಮಗಳು ಚಿಕ್ಕ ಜಾತಿಗಳಿಗೆ ಮಾತ್ರ ಸಲ್ಲುವುವು.

ಇನ್ನು ಲೆಕ್ಕಕ್ಕೆ ಬರೋಣ. ರೂಢಿಯಲ್ಲಿರುವ ನಿಯಮಗಳು ಎರಡು. ಅಮೆರಿಕದ ಒಂದು ಗ್ಯಾಲನ್, ಅಂದರೆ ೩.೮ ಲೀಟರು ನೀರಿಗೆ ಒಂದಂಗುಲ ಮೀನು ಎಂಬುದು ಮೊದಲನೆಯದು. ಉಷ್ಣದೇಶದ ಚಿಕ್ಕ ಮೀನುಗಳಿಗೆ ಅಂಗುಲಕ್ಕೆ ೧೨ ಚದರ ಅಂಗುಲ ಮೇಲ್ಮೈ, ಚಿನ್ನದ ಮೀನಿಗೆ ೩೦ ಚದರ ಅಂಗುಲ ಎಂಬುದು ಎರಡನೆಯದು. ಬಾಲವನ್ನು ಬಿಟ್ಟು ದೇಹದ ಉದ್ದವನ್ನು ಅಳೆಯುವುದು ವಾಡಿಕೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯು ಹೆಸರಿಗೆ ೫೬ ಲೀಟರು ಹಿಡಿಯುವುದು. ತಳದಲ್ಲಿ ಒಂದೂವರೆ ಅಂಗುಲ ಮರಳು, ಮೇಲೆ ಒಂದಂಗುಲ ಬಿಡುವು, ಇವನ್ನು ಕಳೆದರೆ ನಿಜವಾದ ನೀರು ಸುಮಾರು ೪೫ ಲೀಟರು. ಮೊದಲನೆಯ ನಿಯಮದಂತೆ ಇದಕ್ಕೆ ೧೨ ಅಂಗುಲ ಮೀನು; ಎರಡನೆಯದರಂತೆ ೨೪ ಅಂಗುಲ. ಎರಡು ಸಾಕ್ಷಿಗಳ ಮಾತು ಹೀಗೆ ಬೇರೆಯಾದಾಗ ಕಡಿಮೆ ಹೇಳಿದ ಸಾಕ್ಷಿಯನ್ನು ನಂಬುವುದು ಕ್ಷೇಮ. ಹನ್ನೆರಡು ಅಂಗುಲವೆಂದರೆ ಒಂದೂವರೆ ಅಂಗುಲದ ನಿಯಾನ್ ಟೆಟ್ರಾ ಮೀನುಗಳು ಎಂಟು. ಅವನ್ನೂ ಒಮ್ಮೆಲೆ ತರದೆ, ಫಿಲ್ಟರು ಪಕ್ವವಾದ ಮೇಲೆ ಮೊದಲು ನಾಲ್ಕು, ಕೆಲವು ವಾರಗಳ ತರುವಾಯ ನಾಲ್ಕು ಎಂಬಂತೆ ಬಿಡತಕ್ಕದ್ದು.

ಸಂಖ್ಯೆಯ ಮೇಲೆ ಸ್ವಭಾವದ ಅಧಿಕಾರವೂ ಉಂಟು. ಟೆಟ್ರಾ ಮೊದಲಾದ ಹಿಂಡಿನ ಮೀನುಗಳನ್ನು ಒಂದೆರಡೇ ಇಟ್ಟರೆ ಅಂಜಿ ಮೂಲೆ ಸೇರುವುವು. ಆರಕ್ಕೆ ಕಡಿಮೆ ಇಡಬಾರದು. ಗಪ್ಪಿಯ ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿಗಳನ್ನು ಹಾಕುವುದರಿಂದ ಇಂದಿನ ಲೆಕ್ಕವು ಮುಂದಿನ ಹುಣ್ಣಿಮೆಗೆ ಉಳಿಯದು; ಗಪ್ಪಿ ಬೇಕಾದವರು ಗಂಡುಗಳನ್ನು ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ಫೈಟರ್ ಮೀನು ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲುದು. ಅದಕ್ಕೆಂದೇ ಅದನ್ನು ಸಣ್ಣ ಬಾಟಲಿಯಲ್ಲಿಟ್ಟು ಮಾರುತ್ತಾರೆ. ಉಸಿರಿನ ತೊಂದರೆ ಅದಕ್ಕಿಲ್ಲದಿದ್ದರೂ ಮಲದ ತೊಂದರೆ ಇದ್ದೇ ಇದೆ. ಅದಕ್ಕೂ ಇಪ್ಪತ್ತು ಲೀಟರಿನ ತೊಟ್ಟಿ ಲೇಸು, ಮತ್ತು ಒಂದೇ ತೊಟ್ಟಿಯಲ್ಲಿ ಎರಡು ಗಂಡುಗಳಿರಕೂಡದು. ಕೇರಳದ ಮತ್ತು ಅದಕ್ಕೆ ಹೊಂದಿದ ದಕ್ಷಿಣ ಕರ್ನಾಟಕದ ಸಹ್ಯಾದ್ರಿಯ ಹೊಳೆಗಳಲ್ಲಿ ಹುಟ್ಟಿ, ‘ಮಿಸ್ ಕೇರಳ’ ಎಂದು ಹೆಸರಾಗಿರುವ ಕೆಂಪುಗೆರೆಯ ಮೀನು ಇದಕ್ಕೆ ವಿರುದ್ಧವಾದ ಉದಾಹರಣೆ. ಹರಿಯುವ ತಂಪುನೀರಿನಲ್ಲಿ ಹಿಂಡಾಗಿ ಓಡಾಡಿ, ಆರಂಗುಲದವರೆಗೆ ಬೆಳೆಯುವ ಈ ಮೀನನ್ನು ಎರಡಡಿಯ ನಿಂತ ನೀರಿನಲ್ಲಿಡುವುದು ಕಾಡಿನ ಜಿಂಕೆಯನ್ನು ಉಗ್ರಾಣದಲ್ಲಿ ಕಟ್ಟಿದಂತೆ. ಅತಿಯಾಗಿ ಹಿಡಿದುದರ ಫಲವಾಗಿ ಅದು ಈಗ ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಯನ್ನು ಸೇರಿದೆ.

ಇಷ್ಟಾದ ಮೇಲೆ ಗೃಹಿಣಿಯವರ ಪ್ರಶ್ನೆಗೆ ಉತ್ತರ ಹೇಳಬಹುದು. ಅಮ್ಮಾ, ಇನ್ನಾರು ಮೀನುಗಳನ್ನು ತರಬೇಡಿರಿ. ನಿಮ್ಮ ತೊಟ್ಟಿಯ ೨೮೮ ಚದರ ಅಂಗುಲವನ್ನು ಮೂವತ್ತರಿಂದ ಭಾಗಿಸಿದರೆ ಒಂಬತ್ತೂವರೆ ಅಂಗುಲ ಮಾತ್ರ ದೊರೆಯುವುದು. ಉಳಿದಿರುವ ಮೂರು ಈಗ ಎರಡೆರಡು ಅಂಗುಲವಿದ್ದು ಒಟ್ಟು ಆರಾಗುವುದರಿಂದ ಸದ್ಯಕ್ಕೆ ಚಿಂತೆಯಿಲ್ಲ. ಆದರೆ ಅವು ಆರಂಗುಲಕ್ಕೆ ಬೆಳೆದಾಗ ೧೮ ಅಂಗುಲಕ್ಕೆ ೫೪೦ ಚದರ ಅಂಗುಲ ಬೇಕಾಗುವುದು. ಅಂದರೆ ಮೂರಡಿ ಉದ್ದ, ಒಂದೂಕಾಲಡಿ ಅಗಲದ ತೊಟ್ಟಿ. ಒಂಬತ್ತೇ ಇರಬೇಕೆಂಬ ಹಟವಿದ್ದರೆ ೫೪ ಅಂಗುಲಕ್ಕೆ ಹನ್ನೊಂದೂಕಾಲು ಚದರ ಅಡಿ ಮೇಲ್ಮೈ ಬೇಕು. ಆರಡಿ ಉದ್ದ, ಎರಡಡಿ ಅಗಲದ ಆ ತೊಟ್ಟಿಗೆ ಮಂಚದಷ್ಟು ಸ್ಥಳವನ್ನು ಬಿಟ್ಟುಕೊಡಬೇಕಾದೀತು. ಯಜಮಾನರಿಗೆ ಈ ಲೆಕ್ಕವನ್ನು ತೋರಿಸಿರಿ. ಮನೆಯಲ್ಲಿ ವಾರಕ್ಕೆರಡು ಸಾವುಗಳಾಗುವಂತೆ ಕಾಪಾಡಿದ ಸಂಖ್ಯೆಯಿಂದ ಯಾವ ಶ್ರೇಯಸ್ಸು ಬರುವುದೆಂದು ಅವರೇ ನಿರ್ಣಯಿಸಲಿ. ಮಗಳಿಗೆ ಮಾತ್ರ, ಈ ಮೂರಕ್ಕೆ ಧೈರ್ಯವಾಗಿ ಹೆಸರಿಡಬಹುದೆಂದು ಹೇಳಿ, ಕೆಳಗೆ ಬರೆದಿರುವ ಪರೀಕ್ಷೆಗಳ ಪುಸ್ತಕವನ್ನು ಅವಳ ಕೈಯಿಂದಲೇ ಬರೆಯಿಸಿರಿ.

ನಿಯಮದಿಂದ ಹೊರಟ ಸಂಖ್ಯೆಯು ಅನುಮಾನ. ಅದು ಸರಿಯೇ ಎಂಬುದನ್ನು ಪ್ರತ್ಯಕ್ಷದಿಂದ ಪರೀಕ್ಷಿಸಬೇಕು. ಮೊದಲನೆಯ ಪರೀಕ್ಷೆಯನ್ನು ಬೆಳಗಿನ ಜಾವ, ದೀಪ ಹಚ್ಚುವುದಕ್ಕೆ ಮೊದಲು ಮಾಡತಕ್ಕದ್ದು. ರಾತ್ರಿಯಲ್ಲಿ ನೀರುಗಿಡಗಳು ಕೂಡ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಆಗಲೇ ಅದು ಅತಿ ಕಡಿಮೆಯಿರುವುದು. ಆ ಹೊತ್ತಿನಲ್ಲಿ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಸಾಲುಗಟ್ಟಿದ್ದರೆ ತೊಟ್ಟಿಯಲ್ಲಿ ಮೀನು ಹೆಚ್ಚಾಗಿವೆಯೆಂದು ತಿಳಿಯಬೇಕು. ಫೈಟರ್, ಗುರಾಮಿ ಮುಂತಾದ ಗಾಳಿ ಕುಡಿಯುವ ಜಾತಿಗಳಿಗೆ ಈ ಲಕ್ಷಣ ಅನ್ವಯಿಸದು.

ಎರಡನೆಯ ಪರೀಕ್ಷೆಗೆ ಅಂಗಡಿಯಲ್ಲಿ ಸಿಗುವ, ನೀರಿಗೆ ಹನಿ ಹಾಕಿ ಬಣ್ಣ ನೋಡುವ ಪೆಟ್ಟಿಗೆ ಬೇಕು. ಪಕ್ವವಾದ ತೊಟ್ಟಿಯಲ್ಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಯಿರಬೇಕು. ನೈಟ್ರೇಟನ್ನು ವಾರದ ಮೊದಲಲ್ಲೊಮ್ಮೆ, ನೀರು ಬದಲಾಯಿಸುವ ಮುಂಚೆ ಒಮ್ಮೆ ಅಳೆದು ಎಷ್ಟು ಏರಿತೆಂದು ಬರೆದಿಡಿರಿ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸುವ ತೊಟ್ಟಿಯಲ್ಲಿ ನೈಟ್ರೇಟು ಏರುತ್ತ ಏರುತ್ತ ಕೊನೆಗೆ ವಾರದ ಏರಿಕೆಯ ನಾಲ್ಕರಷ್ಟಕ್ಕೆ ಬಂದು ನಿಲ್ಲುವುದು. ವಾರಕ್ಕೆ ಲೀಟರಿಗೆ ೧೦ ಮಿಲಿಗ್ರಾಂ ಏರಿದರೆ ೪೦ಕ್ಕೆ ನಿಂತೀತು. ಮನೆಯ ತೊಟ್ಟಿಗೆ ಅದು ಮೇರೆಯೆಂದಿಟ್ಟುಕೊಳ್ಳಬಹುದು. ೨೦ ಏರಿದರೆ ೮೦. ಹಾಗಾದಾಗ ಮೀನನ್ನಾಗಲಿ ಆಹಾರವನ್ನಾಗಲಿ ಅರ್ಧಕ್ಕಿಳಿಸಬೇಕು, ಇಲ್ಲವೆ ಎರಡು ಪಟ್ಟು ನೀರನ್ನು ಬದಲಾಯಿಸಬೇಕು. ಕೆಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟು ಮೊದಲೇ ಇರುವುದರಿಂದ ಹಾಕುವ ನೀರನ್ನೂ ಒಮ್ಮೆ ಪರೀಕ್ಷಿಸುವುದು ವಿಹಿತ. ನಲ್ಲಿಯ ನೀರಿನ ಕ್ಲೋರಿನ್ ಹೋಗುವಂತೆ ಒಂದು ದಿನ ಅಗಲವಾದ ಪಾತ್ರೆಯಲ್ಲಿಟ್ಟು ಹಾಕಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ನಿನಿಂದ ಉಪಕಾರಿ ಜೀವಿಗಳು ನಾಶವಾಗುವುವು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಹಿಂಡಿ ಹಾಕಬೇಕು.

ಮೂರನೆಯದು ವಿದ್ಯುತ್ತಿನ ಪರೀಕ್ಷೆ. ಮನೆಯಲ್ಲಿ ಎಲ್ಲರೂ ಎಚ್ಚರವಾಗಿರುವ ಒಂದು ಹಗಲು ಪಂಪನ್ನು ಎರಡು ಗಂಟೆ ನಿಲ್ಲಿಸಿ, ತೊಟ್ಟಿಯ ಎದುರಿಗೇ ಕುಳಿತು ನೋಡಿರಿ. ಮೀನುಗಳು ಮೇಲಕ್ಕೆ ಬರತೊಡಗಿದರೆ ಕೂಡಲೆ ಪಂಪನ್ನು ನಡೆಸಿ, ನಿಮ್ಮ ತೊಟ್ಟಿಯು ಯಂತ್ರದ ಉಸಿರಿನಿಂದ ಬದುಕಿದೆಯೆಂದು ತಿಳಿದು ಸಂಖ್ಯೆಯನ್ನು ಇಳಿಸಿರಿ. ರಾತ್ರಿಯ ಹೊತ್ತು ವಿದ್ಯುತ್ತು ನಿಂತಾಗ ಬ್ಯಾಟರಿಯ ಪಂಪಿದ್ದರೆ ಸರಿ. ಇಲ್ಲವಾದರೆ ಚೆಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಗೇಣೆತ್ತರದಿಂದ ಮರಳಿ ಸುರಿಯುತ್ತಿದ್ದರೂ ಬಹಳ ಸಹಾಯವಾಗುವುದು. ಅಂದು ಆಹಾರ ಹಾಕಕೂಡದು. ಆರೋಗ್ಯವಾದ ಮೀನು ಒಂದೆರಡು ದಿನ ಉಪವಾಸವಿರಬಲ್ಲುದು.

ಸಂಖ್ಯೆ ಹೆಚ್ಚಾಗಿದೆಯೆಂದು ತಿಳಿದ ಮೇಲೆ ಹೆಚ್ಚಾದುವನ್ನು ಏನು ಮಾಡಬೇಕು? ಊರ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರಿದ್ದಾರೆ. ಅದು ಪುಣ್ಯವಲ್ಲ. ಹಾಗೆ ಬಿಟ್ಟ ಟ್ಯಾಂಕ್ ಕ್ಲೀನರ್ ಮೀನುಗಳು ನಮ್ಮ ದೇಶದ ಕೆರೆಹೊಳೆಗಳಲ್ಲಿ ಈಗಾಗಲೇ ಬೇರೂರಿ, ಅಲ್ಲಿಯ ಸ್ವಂತ ಮೀನುಗಳ ಆಹಾರಕ್ಕೂ ಬೆಸ್ತರ ಬಲೆಗೂ ಕಂಟಕವಾಗಿವೆ. ಸತ್ಪಾತ್ರರಾದ ಸ್ನೇಹಿತರಿಗೆ ಕೊಡುವುದು, ಕೊಂಡ ಅಂಗಡಿಗೆ ಹಿಂದಿರುಗಿಸುವುದು, ದೊಡ್ಡ ತೊಟ್ಟಿಯನ್ನು ಮಾಡಿಸುವುದು, ಈ ಮೂರೇ ಉಚಿತವಾದ ಮಾರ್ಗಗಳು. ಇವೆಲ್ಲಕ್ಕಿಂತ ಸುಲಭವಾದುದು ಕೊಳ್ಳುವಾಗಲೇ ಕೈ ಬಿಗಿಹಿಡಿಯುವುದು.

ಬರಿದಾಗಿ ಕಾಣುವ ತೊಟ್ಟಿಯನ್ನು ಕಂಡು ಬೇಸರಪಡುವವರಿಗೆ ಕೊನೆಯ ಮಾತೊಂದುಂಟು. ಇಕ್ಕಟ್ಟಿನಲ್ಲಿರುವ ಹತ್ತು ಮೀನುಗಳು ಉಸಿರಿಗಾಗಿ ಹೆಣಗುವುದರ ಹೊರತು ಬೇರೇನನ್ನೂ ತೋರಿಸಲಾರವು. ಎಡೆಯಿರುವ ನೀರಿನಲ್ಲಿ ಮೂರು ಮೀನುಗಳು ಮರಳನ್ನು ಕೆದಕುವುದನ್ನೂ, ಗಿಡದ ನೆರಳಿನಲ್ಲಿ ನಿದ್ರಿಸುವುದನ್ನೂ, ಆಹಾರ ಹಾಕುವವರು ಹತ್ತಿರ ಬಂದೊಡನೆ ಗಾಜಿನ ಬಳಿಗೆ ಓಡಿಬರುವುದನ್ನೂ ದಿನವೂ ನೋಡಬಹುದು. ಮಕ್ಕಳು ಮನೆಯಲ್ಲಿ ಕಲಿಯಬೇಕಾದುದು ಅಂತಹ ನೋಟದಿಂದಲೇ ಹೊರತು, ಸತ್ತುದರ ಸ್ಥಾನಕ್ಕೆ ಸಂಜೆಯೊಳಗೆ ಇನ್ನೊಂದನ್ನು ತಂದುಬಿಡುವ ಅಭ್ಯಾಸದಿಂದಲ್ಲ. ಅಳತೆಗೋಲು, ಕಾಗದ, ಭಾಗಾಕಾರ, ಇವಿಷ್ಟನ್ನು ಅಂಗಡಿಗೆ ಹೊರಡುವ ಮೊದಲೇ ಕೈಗೆ ತೆಗೆದುಕೊಂಡರೆ ಸಾಕು. ಅಲಮತಿವಿಸ್ತರೇಣ.